ಗುರುಗಳನ್ನು ಕೇಳದೆ ನಿರ್ಧಾರ ಮಾಡುವುದು ಹೇಗೆ?

ಪ್ರಶ್ನೆ: ನನಗೆ 44 ವರ್ಷ. ಹನ್ನೊಂದು ವರ್ಷದಿಂದ ಒಬ್ಬ ಗುರುಗಳ ಸತ್ಸಂಗಕ್ಕೆ ಹೋಗುತ್ತಿದ್ದೇನೆ. ಅಮ್ಮ ತೀರಿಕೊಂಡಾಗ ನಾನು ಪೂರ್ತಿ ಕುಸಿದಿದ್ದೆ. ಆಗ ಸಮಾಧಾನ ಸಿಕ್ಕಿದ್ದು ಅವರಿಂದಲೇ. ಅದನ್ನು ಮರೆತಿಲ್ಲ. ಆಮೇಲೆ ಪ್ರತಿಯೊಂದಕ್ಕೂ ಅವರನ್ನೇ ಕೇಳುವುದು ರೂಢಿಯಾಯಿತು. ಮಗಳ ಕಾಲೇಜು, ಸೈಟು ತಗೊಂಡಿದ್ದು, ನಾನು ಕೆಲಸ ಬಿಟ್ಟಿದ್ದು, ಎಲ್ಲವೂ ಅವರ ಮಾತಿನಂತೆಯೇ ನಡೆಯಿತು. ಒಂದೆರಡು ವರ್ಷದಿಂದ ಅವರ ಕೆಲವು ಮಾತುಗಳು ಸರಿ ಅನ್ನಿಸುತ್ತಿಲ್ಲ. ಈಗ ಮತ್ತೆ ಕೆಲಸಕ್ಕೆ ಸೇರುವ ಅವಕಾಶ ಬಂದಿದೆ. ಕೇಳಿದರೆ ಬೇಡ ಎನ್ನುತ್ತಾರೆ, ಕೇಳದೆ ಸೇರಲು ಭಯ. ‘ಗುರುವಿನ ಗುಲಾಮನಾಗುವ ತನಕ ದೊರೆಯದಣ್ಣ ಮುಕುತಿ’ ಎಂದು ದಾಸರೇ ಹಾಡಿದ್ದಾರಲ್ಲ? ನಾನು ಮಾಡಹೊರಟಿರುವುದು ಗುರುದ್ರೋಹವೇ? ಅವರನ್ನು ಕೇಳದೆ ನನ್ನನ್ನು ನಾನು ನಂಬುವುದು ಹೇಗೆ? ನನ್ನ ಗಂಡ ಈಗಲೂ ಅವರ ಭಕ್ತರು.

ಉತ್ತರ: ನಿಮ್ಮನ್ನು ಹೆಚ್ಚು ಕಾಡುತ್ತಿರುವ ಮಾತಿಗೇ ಮೊದಲು ಬರುತ್ತೇನೆ. ಇದು ಗುರುದ್ರೋಹ ಅಲ್ಲ. ಕಷ್ಟದಲ್ಲಿ ಕೈಹಿಡಿದವರಿಗೆ ಋಣಿಯಾಗಿರುತ್ತಲೇ ಅವರ ಒಂದು ಮಾತನ್ನು ಒಪ್ಪದೆ ಇರಬಹುದು. ನಿಮ್ಮ ಪತ್ರದಲ್ಲಿ ಈ ಎರಡೂ ಆಗಲೇ ಜೊತೆಗಿವೆ.

ದಾಸರ ಆ ಸಾಲನ್ನು ನಮ್ಮಲ್ಲಿ ಎಷ್ಟೋ ಸಲ ಶಿಷ್ಯರ ಬಾಯಿ ಮುಚ್ಚಿಸಲು ಬಳಸುತ್ತಾರೆ. ಹಾಡಿದವರ ಬದುಕನ್ನೂ ನೋಡಬೇಕು ಅಲ್ವಾ? ಪುರಂದರದಾಸರ ಗುರು ವ್ಯಾಸರಾಯರು. ವಿಜಯನಗರದ ಅರಸರು ತಲೆಬಾಗುತ್ತಿದ್ದ ಯತಿಗಳು. ಅಂಥವರು ತಮ್ಮ ಶಿಷ್ಯನ ಮೇಲೆಯೇ ಪದ ಕಟ್ಟಿ ‘ದಾಸರೆಂದರೆ ಪುರಂದರದಾಸರಯ್ಯ’ ಎಂದು ಹಾಡಿದರು. ಅದೇ ವ್ಯಾಸರಾಯರ ಬಳಿ ಇದ್ದ ಕನಕದಾಸರ ಬಾಳೆಹಣ್ಣಿನ ಕಥೆ ನಿಮಗೆ ಗೊತ್ತೇ ಇದೆ. ಯಾರೂ ಕಾಣದ ಕಡೆ ತಿಂದು ಬನ್ನಿ ಎಂದು ಗುರುಗಳು ಎಲ್ಲರಿಗೂ ಹಣ್ಣು ಕೊಟ್ಟರು. ಉಳಿದವರು ಮರೆಯಲ್ಲಿ ತಿಂದು ಬಂದರು. ದೇವರು ಕಾಣದ ಜಾಗ ಸಿಗಲಿಲ್ಲ ಎಂದು ಕನಕರು ಹಣ್ಣನ್ನು ವಾಪಸ್ ತಂದರು. ನಾವು ಇದನ್ನು ಭಕ್ತಿಯ ಕಥೆಯಾಗಿ ಮಕ್ಕಳಿಗೆ ಹೇಳುತ್ತೇವೆ. ನಾನು ಅದರಲ್ಲಿ ಇನ್ನೊಂದನ್ನೂ ಕಾಣುತ್ತೇನೆ. ಹೇಳಿದ್ದನ್ನು ಹೇಳಿದಂತೆ ಮಾಡಿದವರೆಲ್ಲ ಅಲ್ಲಿ ಸೋತರು. ತನಗೆ ತಿಳಿದದ್ದಕ್ಕೆ ಹೊಂದುವುದಿಲ್ಲ ಎಂದು ಹಾಗೇ ಮರಳಿದವರನ್ನು ಗುರುಗಳು ಮೆಚ್ಚಿದರು.

ಗೀತೆಯ ನಾಲ್ಕನೇ ಅಧ್ಯಾಯದ 34ನೇ ಶ್ಲೋಕದಲ್ಲಿ ಜ್ಞಾನಿಗಳಿಂದ ಕಲಿಯಲು ಮೂರು ದಾರಿ ಹೇಳಿದೆ: ನಮಸ್ಕಾರ, ಮತ್ತೆ ಮತ್ತೆ ಪ್ರಶ್ನೆ, ಸೇವೆ. ಈಗ ಬಹಳ ಕಡೆ ಮೊದಲನೆಯದೂ ಕೊನೆಯದೂ ಉಳಿದಿವೆ, ನಡುವಿನದು ಕಾಣೆಯಾಗಿದೆ. ಕೊನೆಯ ಅಧ್ಯಾಯದ 63ನೇ ಶ್ಲೋಕದಲ್ಲಿ ಕೃಷ್ಣ ಎಲ್ಲ ಉಪದೇಶ ಮುಗಿಸಿ ಅರ್ಜುನನಿಗೆ ಏನು ಹೇಳುತ್ತಾನೆ? ಇದನ್ನೆಲ್ಲ ಪೂರ್ತಿ ಯೋಚಿಸು, ಆಮೇಲೆ ನಿನಗೆ ಹೇಗೆ ಬೇಕೋ ಹಾಗೆ ಮಾಡು. ಗುರುಭಕ್ತಿಯನ್ನು ತುಂಬ ಎತ್ತಿ ಹಿಡಿಯುವ ಕುಲಾರ್ಣವ ತಂತ್ರ ಕೂಡ, ದುಂಬಿ ಹೂವಿನಿಂದ ಹೂವಿಗೆ ಹೋಗುವಂತೆ ಶಿಷ್ಯ ಜ್ಞಾನಕ್ಕಾಗಿ ಒಬ್ಬ ಗುರುವಿನಿಂದ ಇನ್ನೊಬ್ಬರ ಬಳಿಗೆ ಹೋಗಬಹುದು ಎನ್ನುತ್ತದೆ. ಶಾಸ್ತ್ರದ ಭಯ ನಿಮಗಿದ್ದರೆ, ಶಾಸ್ತ್ರ ನಿಮ್ಮನ್ನು ಕಟ್ಟಿಹಾಕಿಲ್ಲ.

ಆದರೆ ನಿಮ್ಮ ಭಯ ಶಾಸ್ತ್ರದಿಂದ ಬಂದದ್ದು ಅಂತ ನನಗೆ ಅನ್ನಿಸುವುದಿಲ್ಲ. ಆಪ್ತಸಮಾಲೋಚನೆಗೆ ಬರುವವರಲ್ಲಿ ಇದನ್ನು ಬಹಳ ನೋಡಿದ್ದೇನೆ, ಅದು ಬೆಳೆಯುವ ರೀತಿ ಹೆಚ್ಚುಕಡಿಮೆ ಒಂದೇ. ದುಃಖದಲ್ಲಿದ್ದಾಗ ತಲೆ ಓಡುವುದಿಲ್ಲ. ಆಗ ಇನ್ನೊಬ್ಬರು ನಮಗಾಗಿ ಯೋಚಿಸಿದರೆ ಅದು ದೊಡ್ಡ ಉಪಕಾರ. ತಾಯಿಯನ್ನು ಕಳೆದುಕೊಂಡವರಿಗೆ, ಗದರದೆ ಪ್ರೀತಿಯಿಂದ ‘ಹೀಗೆ ಮಾಡಮ್ಮ’ ಎನ್ನುವ ದನಿ ಸಿಕ್ಕರೆ ಮನಸ್ಸು ಅಲ್ಲೇ ನಿಲ್ಲುತ್ತದೆ. ನಮ್ಮವರ ಮೇಲಿದ್ದ ಪ್ರೀತಿ, ನಿರೀಕ್ಷೆ, ಭಯ ಎಲ್ಲವೂ ಎದುರಿಗಿರುವ ಮಾರ್ಗದರ್ಶಕರ ಮೇಲೆ ಹೋಗಿ ಕೂರುವುದನ್ನು ಮನೋವಿಶ್ಲೇಷಣೆ ಶುರುಮಾಡಿದ ಫ್ರಾಯ್ಡ್ ನೂರು ವರ್ಷಕ್ಕೂ ಹಿಂದೆಯೇ ಗುರುತಿಸಿದ್ದರು. ಹಾಗಾಗುವುದು ನಿಮ್ಮ ದೌರ್ಬಲ್ಯ ಅಲ್ಲ, ಯಾರಿಗೂ ಆಗುತ್ತದೆ. ದುಃಖ ಇಳಿದ ಮೇಲೂ ಆ ಏರ್ಪಾಡು ಮುಂದುವರಿದದ್ದು ತೊಂದರೆಯಾಯಿತು.

ಒಮ್ಮೆ ಶುರುವಾದರೆ ಅದು ತಾನಾಗಿ ಗಟ್ಟಿಯಾಗುತ್ತಾ ಹೋಗುತ್ತದೆ. ಯಾವುದೋ ನಿರ್ಧಾರ ಎದುರಾಗುತ್ತದೆ, ಎದೆ ಡವಡವ ಅನ್ನುತ್ತದೆ. ಗುರುಗಳನ್ನು ಕೇಳುತ್ತೀರಿ, ಆ ಕ್ಷಣ ನಿರಾಳ. ಆ ನಿರಾಳದ ರುಚಿಗೆ ಮನಸ್ಸು ಮುಂದಿನ ಸಲ ಇನ್ನೂ ಬೇಗ ಅತ್ತ ಓಡುತ್ತದೆ. ಸ್ವಲ್ಪ ಹೊತ್ತು ಆ ಡವಡವವನ್ನು ತಡೆದುಕೊಂಡು ಕೂತರೆ ಅದು ತಾನೇ ಇಳಿಯುತ್ತದೆ ಎಂಬುದು ಗೊತ್ತಾಗುವುದೇ ಇಲ್ಲ. ಯಾಕೆಂದರೆ ಕೂತು ನೋಡಿದ್ದೇ ಇಲ್ಲ.

ಇದಕ್ಕಿಂತ ಹೆಚ್ಚು ಹಾನಿ ಮಾಡುವುದು ಲೆಕ್ಕ ಬರೆಯುವ ರೀತಿ. ಗುರುಗಳು ಹೇಳಿದಂತೆ ಮಾಡಿ ಒಳ್ಳೆಯದಾದರೆ ಅದು ಅವರ ಕೃಪೆ. ಕೆಟ್ಟದಾದರೆ ನಮ್ಮ ಶ್ರದ್ಧೆ ಸಾಲದು, ಇಲ್ಲವೇ ನಮ್ಮ ಕರ್ಮ. ಹೀಗೆ ಬರೆದರೆ ನಿಮ್ಮ ಹೆಸರಿನಲ್ಲಿ ಬರೀ ಸೋಲುಗಳೇ ಉಳಿಯುತ್ತವೆ. ಹನ್ನೊಂದು ವರ್ಷ ಹೀಗೆ ಬರೆದ ಮೇಲೆ ‘ನನ್ನನ್ನು ನಾನು ನಂಬುವುದು ಹೇಗೆ’ ಎಂದು ಕೇಳುತ್ತಿದ್ದೀರಿ. ನಂಬಲು ಬೇಕಾದ ಸಾಕ್ಷಿಯೇ ನಿಮ್ಮ ಕೈಯಲ್ಲಿ ಉಳಿದಿಲ್ಲವಲ್ಲ, ಮತ್ತೆ ನಂಬಿಕೆ ಎಲ್ಲಿಂದ ಬರಬೇಕು? ಈಗ ಒಂದು ಕೆಲಸ ಮಾಡಿ. ಮಗಳ ಕಾಲೇಜಿನ ವಿಷಯವನ್ನೇ ತಗೊಳ್ಳಿ. ಅರ್ಜಿ ತುಂಬಿದ್ದು ಯಾರು? ಫೀಸು ಹೊಂದಿಸಿದ್ದು, ಮಗಳು ಅತ್ತಾಗ ರಾತ್ರಿ ಜೊತೆಗೆ ಕೂತಿದ್ದು ಯಾರು? ಗುರುಗಳು ಹೇಳಿದ್ದು ಒಂದು ವಾಕ್ಯ, ಉಳಿದದ್ದನ್ನೆಲ್ಲ ನೀವೇ ಮಾಡಿದ್ದೀರಿ. ಹಳೆಯ ಲೆಕ್ಕವನ್ನು ನ್ಯಾಯವಾಗಿ ಮತ್ತೊಮ್ಮೆ ಬರೆಯಿರಿ. ನಂಬಿಕೆಯ ಮೊದಲ ಸಾಮಗ್ರಿ ಅಲ್ಲೇ ಸಿಗುತ್ತದೆ.

ಗುರುವೇ ಬೇಡ ಎನ್ನುವ ದಾರಿಯೂ ಒಂದಿದೆ. ನೀವು ಅದರ ಬಗ್ಗೆ ಓದಿರಬಹುದು, ಯೂಟ್ಯೂಬಿನಲ್ಲಿ ಕೇಳಿರಬಹುದು. ಅದರ ದೊಡ್ಡ ಹೆಸರು ಜಿಡ್ಡು ಕೃಷ್ಣಮೂರ್ತಿ. ನಮ್ಮ ಕೋಲಾರದ ಗಡಿಯಿಂದ ಬಹಳ ದೂರವಿಲ್ಲದ ಮದನಪಲ್ಲಿಯಲ್ಲಿ 1895ರಲ್ಲಿ ಹುಟ್ಟಿದವರು. 1909ರಲ್ಲಿ ಮದರಾಸಿನ ಅಡ್ಯಾರಿನಲ್ಲಿ ಥಿಯಾಸಾಫಿಕಲ್ ಸೊಸೈಟಿ ಎಂಬ ಆಧ್ಯಾತ್ಮಿಕ ಸಂಸ್ಥೆಯ ಲೆಡ್‌ಬೀಟರ್ ಈ ಹುಡುಗನನ್ನು ಕಂಡು, ಮುಂದೆ ಲೋಕಗುರುವಾಗುವವನು ಇವನೇ ಎಂದರು. ಆ ಸೊಸೈಟಿಯ ಅಧ್ಯಕ್ಷೆ ಆನಿ ಬೆಸೆಂಟ್ ಅವನನ್ನು ಮಗನಂತೆ ಬೆಳೆಸಿದರು. 1911ರಲ್ಲಿ ಅವನಿಗಾಗಿಯೇ ಒಂದು ಸಂಘ ಕಟ್ಟಿದರು. ಏನು ತಿನ್ನಬೇಕು, ಏನು ಓದಬೇಕು ಎಂಬುದನ್ನೆಲ್ಲ ಹಿರಿಯರೇ ಗೊತ್ತುಮಾಡುತ್ತಿದ್ದ ಬಾಲ್ಯ ಅದು.

ಆಮೇಲೆ ತಮ್ಮ ನಿತ್ಯಾನಂದನಿಗೆ ಕ್ಷಯ ಬಂತು. ಸೊಸೈಟಿಯವರು ನಂಬಿದ್ದ ಕಾಣದ ಮಹಾತ್ಮರು ತಮ್ಮನನ್ನು ಕಾಪಾಡುತ್ತಾರೆ ಎಂದು ಕೃಷ್ಣಮೂರ್ತಿ ಪೂರ್ತಿ ನಂಬಿದ್ದರು. ಭಾರತಕ್ಕೆ ಬರುವ ಹಡಗಿನಲ್ಲಿದ್ದಾಗ, 1925ರ ನವೆಂಬರಿನಲ್ಲಿ, ತಮ್ಮ ತೀರಿಕೊಂಡ ಸುದ್ದಿ ಬಂತು. ಕೊಟ್ಟ ಭರವಸೆ ಸುಳ್ಳಾಗಿತ್ತು. ದಿನಗಟ್ಟಲೆ ಅತ್ತರು ಎಂದು ಜೊತೆಗಿದ್ದವರು ಹೇಳಿದ್ದಾರೆ. ಅದಾಗಿ ನಾಲ್ಕು ವರ್ಷಕ್ಕೆ, 1929ರ ಆಗಸ್ಟ್ 3ರಂದು, ಹಾಲೆಂಡಿನ ಒಮ್ಮೆನ್‌ನಲ್ಲಿ ಬೆಸೆಂಟ್ ಅವರೆದುರೇ, ಮೂರು ಸಾವಿರಕ್ಕೂ ಹೆಚ್ಚು ಅನುಯಾಯಿಗಳ ಮುಂದೆ ತಮಗಾಗಿ ಕಟ್ಟಿದ್ದ ಸಂಘವನ್ನು ವಿಸರ್ಜಿಸಿದರು. ಸತ್ಯಕ್ಕೆ ಸಿದ್ಧದಾರಿ ಇಲ್ಲ, ನನಗೆ ಅನುಯಾಯಿಗಳು ಬೇಡ ಎಂದರು. ದಾನವಾಗಿ ಬಂದಿದ್ದ ಕೋಟೆಮನೆ, ಜಮೀನು ಹಿಂದಿರುಗಿಸಿದರು.

ಆ ದಿನದ ಧೈರ್ಯಕ್ಕೆ ನಾನು ಯಾವತ್ತೂ ತಲೆಬಾಗುತ್ತೇನೆ. ಆದರೆ ನಿಮಗೆ ಹೆಚ್ಚು ಬೇಕಾದದ್ದು ಆಮೇಲೆ ನಡೆದ ಸಂಗತಿ. 1986ರ ಫೆಬ್ರವರಿಯಲ್ಲಿ ತೀರಿಕೊಳ್ಳುವವರೆಗೂ ಅವರು ಊರೂರು ಸುತ್ತಿ, ಯಾರನ್ನೂ ಗುರು ಮಾಡಿಕೊಳ್ಳಬೇಡಿ ಎಂದು ಹೇಳುತ್ತಲೇ ಹೋದರು. ಜನ ಅವರ ಹಿಂದೆ ದೇಶದಿಂದ ದೇಶಕ್ಕೆ ಹೋದರು, ವರ್ಷ ವರ್ಷವೂ ಮುಂದಿನ ಸಾಲಿನಲ್ಲಿ ಕೂತರು, ಅವರ ಮಾತನ್ನು ಅವರದೇ ಶೈಲಿಯಲ್ಲಿ ಬೇರೆಯವರಿಗೆ ಹೇಳಿದರು. ಗುರು ಬೇಡ ಎಂದವರನ್ನೇ ಗುರು ಮಾಡಿಕೊಂಡರು. ಅದಕ್ಕೇ ‘ಗುರು ಬೇಕು’, ‘ಗುರು ಬೇಡ’ ಎಂಬ ಪಕ್ಷಗಳಲ್ಲಿ ಒಂದನ್ನು ಆರಿಸಿಕೊಂಡ ಮಾತ್ರಕ್ಕೆ ಬಿಡುಗಡೆ ಸಿಗುವುದಿಲ್ಲ ಅನ್ನುತ್ತೇನೆ. ದಿನದ ಬದುಕಿನಲ್ಲಿ ತೀರ್ಮಾನ ಯಾರ ಕೈಯಲ್ಲಿದೆ ಅನ್ನುವುದನ್ನೇ ನೋಡಬೇಕು. ಗುರುಗಳ ಫೋಟೊ ಗೋಡೆಯ ಮೇಲಿದ್ದೂ ತೀರ್ಮಾನ ನಿಮ್ಮ ಕೈಯಲ್ಲಿರಬಹುದು. ಫೋಟೊ ತೆಗೆದ ಮೇಲೂ ಅದು ಇನ್ನಾರದೋ ಕೈಯಲ್ಲಿರಬಹುದು.

ನಿಮಗೆ ಇನ್ನೂ ಹತ್ತಿರವಾದ ಒಬ್ಬಳು ನಮ್ಮ ವಚನಕಾರ್ತಿಯರಲ್ಲೇ ಇದ್ದಾಳೆ. ಮುಕ್ತಾಯಕ್ಕ. ಅಣ್ಣ ಅಜಗಣ್ಣನೇ ಅವಳಿಗೆ ಗುರು. ಅವನು ತೀರಿಕೊಂಡಾಗ ಅವಳು ಗೋಳಾಡುತ್ತಿದ್ದಳು, ಆಗ ಅಲ್ಲಮಪ್ರಭು ಬಂದ ಎಂದು ಶರಣರ ಸಂವಾದಗಳ ಗ್ರಂಥ ಶೂನ್ಯಸಂಪಾದನೆ ಹೇಳುತ್ತದೆ. ದಾರಿ ತೋರುವವನೇ ಹೋದ ಮೇಲೆ ಎದುರಿಗೆ ಅಲ್ಲಮನಂಥವನು ಸಿಕ್ಕರೆ ಏನು ಮಾಡಬಹುದು? ಸುಮ್ನೆ ಕಾಲಿಗೆ ಬಿದ್ದು ಹೊಸ ಗುರು ಮಾಡಿಕೊಂಡುಬಿಡಬಹುದಿತ್ತು. ಅವಳು ಹಾಗೆ ಮಾಡಲಿಲ್ಲ. ವಾದಕ್ಕೆ ನಿಂತಳು. ನುಡಿಯ ಹಂಗು ನಿಮಗೇ ಇನ್ನೂ ಹಿಂಗಿಲ್ಲ ಎಂದು ಅಲ್ಲಮನಿಗೇ ಹೇಳಿದಳು. ಅವನೂ ಸಿಟ್ಟಾಗಿ ಎದ್ದು ಹೋಗಲಿಲ್ಲ, ಮಾತಿಗೆ ಮಾತು ಕೊಟ್ಟ. ಆ ಮಾತುಕತೆಯಲ್ಲೇ ಅವಳ ಅರಿವು ತೆರೆಯಿತು. ಕೊನೆಯವರೆಗೂ ಅವಳ ವಚನಗಳ ಅಂಕಿತ ‘ಅಜಗಣ್ಣ’. ಗುರುವಿನ ಹೆಸರನ್ನು ಅವಳು ಬಿಡಲಿಲ್ಲ, ಆದರೆ ಆ ಹೆಸರಿನ ಮೇಲಿರುವ ಪ್ರತಿ ಸಾಲೂ ಅವಳದ್ದು. ನಿಮಗೆ ಯಾರಾದರೂ ಕೃತಘ್ನೆ ಎಂದರೆ ಮುಕ್ತಾಯಕ್ಕನನ್ನು ನೆನೆಯಿರಿ.

ಈಗ ನಿಮ್ಮ ಕೊನೆಯ ಪ್ರಶ್ನೆ, ನಂಬುವುದು ಹೇಗೆ ಎಂಬುದು. ಮನಸ್ಸಿಗೆ ಬಂದದ್ದೆಲ್ಲ ಒಳದನಿ ಎಂದುಕೊಂಡು ಹೊರಡುವುದನ್ನು ನಾನು ಆತ್ಮವಿಶ್ವಾಸ ಎನ್ನುವುದಿಲ್ಲ. ಗುರುಗಳನ್ನು ಬಿಟ್ಟು ಬಂದ ಕೆಲವರು ಹಾಗೆ ಮಾಡುತ್ತಾರೆ. ಮೊದಲು ಗುರುಗಳ ಮಾತನ್ನು ಪರೀಕ್ಷಿಸದೆ ಒಪ್ಪುತ್ತಿದ್ದರು, ಈಗ ತಮ್ಮ ಅನ್ನಿಸಿಕೆಯನ್ನು ಪರೀಕ್ಷಿಸದೆ ಒಪ್ಪುತ್ತಾರೆ. ಹಾಗೆಯೇ, ನಾನು ಎಂದೂ ತಪ್ಪುವುದಿಲ್ಲ ಎಂಬ ಭರವಸೆ ಬರಲಿ ಎಂದೂ ಕಾಯಬೇಡಿ, ಅದು ಯಾರಿಗೂ ಬರುವುದಿಲ್ಲ. ತಪ್ಪಿದರೂ ತಡೆದುಕೊಳ್ಳುತ್ತೇನೆ, ತಿದ್ದಿಕೊಳ್ಳುತ್ತೇನೆ ಎಂಬಷ್ಟು ಧೈರ್ಯ ಬಂದರೆ ಸಾಕು. ನೀವು ಗುರುಗಳಿಂದ ಪಡೆಯುತ್ತಿದ್ದದ್ದು ಸರಿಯಾದ ಉತ್ತರಕ್ಕಿಂತ ಹೆಚ್ಚಾಗಿ, ತಪ್ಪಾದರೆ ಹೊಣೆ ನನ್ನದಲ್ಲ ಎಂಬ ಸಮಾಧಾನ. ಇದು ಕೇಳಲು ಕಷ್ಟ ಅಂತ ಗೊತ್ತು. ಆದರೆ ಆ ಸಮಾಧಾನವನ್ನು ಬಿಟ್ಟುಕೊಡಲು ಒಪ್ಪಿದರೆ ಮಾತ್ರ ಮುಂದಿನ ಕೆಲಸ ಆಗುತ್ತದೆ.

ಇನ್ನೊಬ್ಬರನ್ನು ಕೇಳಲೇಬಾರದು ಅಂತಲ್ಲ. ಮಾಹಿತಿ ಕೇಳುವುದು ಬೇರೆ, ಅಪ್ಪಣೆ ಕೇಳುವುದು ಬೇರೆ. ಸೈಟು ತಗೊಳ್ಳುವಾಗ ಖಾತೆ, ಇಸಿ ನೋಡಲು ವಕೀಲರು ಬೇಕು. ಮೈಗೆ ಹುಷಾರಿಲ್ಲದಿದ್ದರೆ ಡಾಕ್ಟರು ಬೇಕು. ಧ್ಯಾನದಲ್ಲಿ ತೂಕಡಿಕೆ ಬಂದರೆ ನಿಮ್ಮ ಗುರುಗಳನ್ನೇ ಕೇಳಿ, ಅದು ಅವರಿಗೆ ಗೊತ್ತಿರುವ ವಿಷಯ. ಯಾರನ್ನೇ ಕೇಳಿದರೂ ಕೊನೆಗೆ ಸಹಿ ನಿಮ್ಮದಿರಬೇಕು.

ಸಣ್ಣದರಿಂದ ಶುರುಮಾಡಿ. ಒಂದು ನೋಟ್‌ಬುಕ್ ಇಡಿ. ನಿರ್ಧಾರ ಮಾಡುವ ಮೊದಲು ಏನು ತೀರ್ಮಾನ, ಯಾಕೆ, ಏನಾಗಬಹುದು ಎಂಬುದನ್ನು ನಾಲ್ಕು ಸಾಲಿನಲ್ಲಿ ಬರೆದು ತಾರೀಖು ಹಾಕಿ. ಹಬ್ಬಕ್ಕೆ ಊರಿಗೆ ಹೋಗುವುದೋ ಬೇಡವೋ ಎಂಬಂಥ ವಿಷಯವಾದರೂ ಸರಿ. ತಿಂಗಳು ಬಿಟ್ಟು ತೆರೆದು ನೋಡಿ, ಏನಾಯಿತು ಎಂದು ಪಕ್ಕದಲ್ಲಿ ಬರೆಯಿರಿ. ಕೆಲವು ತಪ್ಪಿರುತ್ತವೆ, ಬಹಳಷ್ಟು ಸರಿಯಾಗಿರುತ್ತವೆ. ತಪ್ಪಿದ ಕಡೆಯೂ ಆಕಾಶ ಕಳಚಿ ಬಿದ್ದಿರುವುದಿಲ್ಲ. ನಾನು ಇದನ್ನು ಒತ್ತಿ ಹೇಳಲು ಕಾರಣವಿದೆ. ನೆನಪು ಹಳೆಯ ಅಭ್ಯಾಸದಂತೆ ಲೆಕ್ಕ ತಿರುಚುತ್ತದೆ, ಕಾಗದದಲ್ಲಿದ್ದದ್ದನ್ನು ತಿರುಚಲು ಅದಕ್ಕೆ ಆಗುವುದಿಲ್ಲ.

ಕೆಲಸದ ವಿಷಯವನ್ನೂ ಹೀಗೇ ಬರೆಯಿರಿ. ಸಂಬಳ ಎಷ್ಟು, ಮನೆಯಿಂದ ಎಷ್ಟು ದೂರ, ಯಾರಿಗೆ ಏನು ತೊಂದರೆ, ನಿಮಗೆ ಯಾಕೆ ಬೇಕು. ನಿಮ್ಮ ಪತ್ರದಲ್ಲಿ ಗುರುಗಳು ಏನೆನ್ನುತ್ತಾರೆ ಎಂಬುದು ಇದೆ, ನಿಮಗೆ ಆ ಕೆಲಸ ಇಷ್ಟವೇ ಎಂಬುದು ಇಲ್ಲವೇ ಇಲ್ಲ. ಅದನ್ನು ಮೊದಲ ಸಾಲಿನಲ್ಲೇ ಬರೆಯಿರಿ. ನಿರ್ಧಾರ ಮಾಡಿದ ಮೇಲೆ ಗುರುಗಳಿಗೆ ತಿಳಿಸಿ, ಅದಕ್ಕೆ ಮುಂಚೆ ಬೇಡ. ‘ಗುರುಗಳೇ, ಕೆಲಸಕ್ಕೆ ಸೇರುತ್ತಿದ್ದೇನೆ, ಆಶೀರ್ವಾದ ಮಾಡಿ’ ಎಂದರೆ ಸಾಕು. ಗೌರವವೂ ಇದೆ, ಅಪ್ಪಣೆಯ ಕೋರಿಕೆಯೂ ಇಲ್ಲ.

ಅವರು ಹೇಗೆ ಪ್ರತಿಕ್ರಿಯಿಸುತ್ತಾರೆ ಎಂಬುದನ್ನು ಗಮನವಿಟ್ಟು ನೋಡಿ. ‘ಒಳ್ಳೆಯದಾಗಲಿ, ಹುಷಾರು’ ಎಂದರೆ ನೀವು ಅಂದುಕೊಂಡಿದ್ದಕ್ಕಿಂತ ಅವರು ದೊಡ್ಡವರು. ಸ್ವಲ್ಪ ಬೇಸರಪಟ್ಟು ಸುಮ್ಮನಾದರೂ ಪರವಾಗಿಲ್ಲ, ಅವರೂ ಮನುಷ್ಯರು. ಆದರೆ ಕೇಡಾಗುತ್ತದೆ ಎಂದು ಹೆದರಿಸಿದರೆ, ಮನೆಯವರಿಂದ ದೂರ ಮಾಡಲು ನೋಡಿದರೆ, ದುಡ್ಡಿಗೆ ಒತ್ತಾಯಿಸಿದರೆ, ಒಬ್ಬಳೇ ಬಾ ಎಂದರೆ, ಇಲ್ಲಿ ನಡೆದದ್ದು ಯಾರಿಗೂ ಹೇಳಬೇಡ ಎಂದರೆ ಅಲ್ಲಿಂದ ಹೊರಡಿ. ಆಮೇಲೆ ಮೃದುವಾಗಿ ಸರಿಯುವ ಮಾತೇ ಇಲ್ಲ. ನಂಬಿಕಸ್ಥರಿಗೆ ಹೇಳಿ, ಅಗತ್ಯವಿದ್ದರೆ ಪೊಲೀಸರಿಗೂ ಹೇಳಿ. ‘ಇನ್ನೂ ಒಂದು ಗುಟ್ಟು ಉಳಿದಿದೆ, ಮುಂದಿನ ಶಿಬಿರದಲ್ಲಿ ಕೊಡುತ್ತೇನೆ’ ಎಂಬ ಮಾತು ಮತ್ತೆ ಮತ್ತೆ ಬಂದರೂ ಎಚ್ಚರವಾಗಿರಿ. ಬುದ್ಧ 80ನೇ ವಯಸ್ಸಿನಲ್ಲಿ, ಕೊನೆಯ ದಿನಗಳಲ್ಲಿ, ಶಿಷ್ಯ ಆನಂದನಿಗೆ ಹೇಳಿದ ಮಾತು ಮಹಾಪರಿನಿಬ್ಬಾಣ ಸುತ್ತದಲ್ಲಿದೆ: ನಾನು ಮುಷ್ಟಿಯಲ್ಲಿ ಏನನ್ನೂ ಮುಚ್ಚಿಟ್ಟುಕೊಂಡಿಲ್ಲ, ಇನ್ನು ನಿಮಗೆ ನೀವೇ ಆಸರೆಯಾಗಿ.

ದೂರ ಸರಿದ ಮೇಲೆ ಬರುವ ಕೆಲವು ಸಂಗತಿಗಳನ್ನು ಈಗಲೇ ಹೇಳಿಬಿಡುತ್ತೇನೆ. ಸತ್ಸಂಗದ ದಿನ ಸಂಜೆ ಖಾಲಿ ಅನ್ನಿಸುತ್ತದೆ. ಕೆಲವು ಗೆಳತಿಯರು ಫೋನ್ ಮಾಡುವುದು ನಿಲ್ಲಿಸಬಹುದು. ಅದು ನಿಜವಾದ ನಷ್ಟ, ದುಃಖಪಡಿ. ಆ ಸಂಜೆಗೆ ಬೇರೆ ಏನಾದರೂ ಗೊತ್ತುಮಾಡಿಕೊಳ್ಳಿ, ಒಂದು ಭಜನೆಯ ಗುಂಪು, ವಾಕಿಂಗು, ಅಕ್ಕತಂಗಿಯರ ಮನೆ. ನಿಮ್ಮ ಜಪ, ಧ್ಯಾನ ಬಿಡಬೇಕಿಲ್ಲ, ಅವು ನಿಮ್ಮವು.

ಮೊದಲ ತೊಂದರೆ ಬಂದಾಗ ಹೆಚ್ಚು ಎಚ್ಚರ ಬೇಕು. ಬಂದೇ ಬರುತ್ತದೆ. ಮಗಳಿಗೆ ಜ್ವರ, ಗಾಡಿಗೆ ಸಣ್ಣ ಆಕ್ಸಿಡೆಂಟು, ಆಫೀಸಿನಲ್ಲಿ ಮಾತು. ತಕ್ಷಣ ‘ಗುರುಗಳ ಮಾತು ಮೀರಿದ್ದಕ್ಕೆ ಹೀಗಾಯಿತು’ ಅನ್ನಿಸುತ್ತದೆ, ಹಾಗೆನ್ನುವವರೂ ಇರುತ್ತಾರೆ. ಅವರ ಮಾತು ಕೇಳುತ್ತಿದ್ದ ಹನ್ನೊಂದು ವರ್ಷಗಳಲ್ಲಿ ಮನೆಯಲ್ಲಿ ಎಷ್ಟು ಜ್ವರ, ಎಷ್ಟು ಜಗಳ, ಎಷ್ಟು ಖರ್ಚು ಬಂದಿತ್ತು ಎಂದು ಆಗ ಆ ನೋಟ್‌ಬುಕ್ಕಿನಲ್ಲೇ ಬರೆದು ನೋಡಿ. ಈ ಭಯ ಮಿತಿ ಮೀರಿ ನಿದ್ದೆ ಹೋದರೆ, ದನಿಗಳು ಕೇಳಿದಂತಾದರೆ, ಬದುಕೇ ಬೇಡ ಅನ್ನಿಸಿದರೆ ಕಾಯಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಮನೋವೈದ್ಯರನ್ನೂ ನೋಡಿ.

ಹಾಗೆಯೇ ಒಂದು ವರ್ಷವಾದರೂ ಹೊಸ ಗುರುಗಳನ್ನು ಹುಡುಕಬೇಡಿ. ಖಾಲಿ ಜಾಗ ಕಂಡರೆ ತುಂಬಬೇಕು ಅನ್ನಿಸುವುದು ಸಹಜ. ಮೊಬೈಲ್ ತೆರೆದರೆ ಪ್ರವಚನಗಳ ಸಾಲೇ ಇದೆ. ಕೇಳಿ, ಬೇಡ ಅನ್ನುವುದಿಲ್ಲ. ಆದರೆ ಮುಂದೇನು ಮಾಡಲಿ ಎಂದು ಅವರ ಮುಖ ನೋಡುತ್ತಿದ್ದೇನೆ ಅನ್ನಿಸಿದ ಕೂಡಲೇ ಆಫ್ ಮಾಡಿ. ನನ್ನ ಈ ಉತ್ತರಕ್ಕೂ ಇದೇ ಮಾತು. ಇದರಲ್ಲಿ ನಿಮಗೆ ಒಪ್ಪಿಗೆಯಾಗದ್ದು ಏನಾದರೂ ಇದ್ದರೆ ಅದನ್ನು ಬಿಡಿ.

ನಿಮ್ಮ ಯಜಮಾನರ ವಿಷಯ. ಅವರನ್ನು ಬದಲಾಯಿಸಲು ಹೋಗಬೇಡಿ. ಗುರುಗಳ ತಪ್ಪುಗಳ ಪಟ್ಟಿ ಮುಂದಿಟ್ಟರೆ ಅವರು ಇನ್ನೂ ಬಿಗಿಯಾಗುತ್ತಾರೆ, ಮನೆಯಲ್ಲಿ ಎರಡು ಪಕ್ಷವಾಗುತ್ತದೆ. ಅವರ ಭಕ್ತಿ ಅವರಿಗಿರಲಿ. ಪೂಜೆಗೆ ಹೂವು ಕಟ್ಟಿಕೊಡಿ, ಗುರುಪೂರ್ಣಿಮೆಗೆ ಮನಸ್ಸಿದ್ದರೆ ಜೊತೆಗೆ ಹೋಗಿ, ಇಲ್ಲದಿದ್ದರೆ ಈ ಸಲ ಬರುವುದಿಲ್ಲ ಎಂದು ಸಮಾಧಾನವಾಗಿ ಹೇಳಿ. ಎರಡು ಮಾತು ಮಾತ್ರ ಅವರಿಂದ ಪಡೆದುಕೊಳ್ಳಿ. ಒಂದು, ನಿಮ್ಮ ಪರವಾಗಿ ಅವರು ಗುರುಗಳ ಬಳಿ ಅಪ್ಪಣೆ ಕೇಳಬಾರದು. ಇನ್ನೊಂದು, ಇಬ್ಬರ ದುಡ್ಡು ಮತ್ತು ಮಗಳ ವಿಷಯದಲ್ಲಿ ಇಬ್ಬರೂ ಕೂತು ಮಾತಾಡಿದ ಮೇಲೆಯೇ ತೀರ್ಮಾನ. ಈ ಮಾತಿಗೆ ಊಟವಾದ ಮೇಲೆ, ಟಿವಿ ಆರಿಸಿ, ಇಬ್ಬರೇ ಕೂರಿ. ಮೊದಲ ದಿನ ಒಪ್ಪದೆ ಇರಬಹುದು. ಜಗಳಕ್ಕೆ ಎಳೆಯದೆ ಒಂದು ವಾರ ಬಿಟ್ಟು ಮತ್ತೆ ಹೇಳಿ. ಕೆಲಸಕ್ಕೆ ಸೇರುತ್ತೇನೋ ಇಲ್ಲವೋ ಎಂದು ಕಂಪನಿಗೆ ಉತ್ತರ ಕೊಡುವ ದಿನ ಅದಕ್ಕಿಂತ ಮುಂಚೆ ಬಂದರೆ, ನಿಮ್ಮ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ ತೀರ್ಮಾನವನ್ನೇ ಅವರಿಗೆ ಹೇಳಿ, ಉತ್ತರ ಕಳುಹಿಸಿ.